ನೌಕರಿಗೆ ಹೊರಟ ಮಗಳಿಗೆ, ಉಡುಪಿನ ವಿಷಯವಾಗಿ

ನೀರ್ಚಾಲು
ವಿಷು ಕಳೆದ ಮರುವಾರ

ಪ್ರೀತಿಯ ಮಗಳೇ,

ಮಂಗಳೂರಿನ ಆಫೀಸಿನಲ್ಲಿ ನಿನಗೆ ಕೆಲಸವಾಯಿತೆಂದೂ, ಜೂನ್ ಮೊದಲ ವಾರದಲ್ಲಿ ಸೇರಬೇಕೆಂದೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಾಗ ಆದ ಸಂತೋಷ ಇನ್ನೂ ಇಳಿದಿಲ್ಲ. ಹತ್ತು ಜೊತೆ ಹೊಸ ಬಟ್ಟೆಯನ್ನು ಒಂದೇ ದಿನ ಹೋಗಿ ತರುವ ಯೋಚನೆಯಲ್ಲಿದ್ದೀಯೆಂದೂ ತಿಳಿಯಿತು. ಅಚ್ಚುಕಟ್ಟಾಗಿ, ಚೆಂದವಾಗಿ ಕಾಣಬೇಕೆಂಬ ನಿನ್ನ ಆಸೆ ಸರಿಯಾದದ್ದೇ. ಅದನ್ನು ಯಾರಾದರೂ ಶೋಕಿ ಎಂದರೆ ಕಿವಿಗೆ ಹಾಕಿಕೊಳ್ಳಬೇಡ. ಆದರೆ ಬದಿಯಡ್ಕದಿಂದ ಬಸ್ಸು, ಕುಂಬಳೆಯಿಂದ ರೈಲು, ಅಲ್ಲಿಂದ ಮುಂದೆ ಕಾಲ್ನಡಿಗೆ ಎಂಬ ಇದೇ ದಾರಿಯಲ್ಲಿ ಮೂವತ್ತೊಂದು ವರ್ಷ ನೌಕರಿಗೆ ಓಡಾಡಿದವಳು ನಿನ್ನ ಈ ದೊಡ್ಡಮ್ಮನಾದ್ದರಿಂದ, ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ನೀನು ಈ ಪತ್ರವನ್ನು ಓದಬೇಕೆಂದು ನನ್ನ ಆಸೆ.

ನೀನು ಸೇರುವುದು ಮಳೆಗಾಲದ ಬಾಗಿಲಲ್ಲಿ. ಮೊದಲ ನಾಲ್ಕು ತಿಂಗಳಿಗೆ ಬೇಕಾದ ಬಟ್ಟೆಯನ್ನು ಮಾತ್ರ ಈಗ ಯೋಚಿಸು. ಬೇರೆ ಊರಿನವರ ಲೆಕ್ಕದಲ್ಲಿ ವಾರಕ್ಕೆ ನಾಲ್ಕು ಕುರ್ತಾ ಸಾಕು. ನಮ್ಮಲ್ಲಿ ಆಟಿ ತಿಂಗಳ ಮಳೆಯಲ್ಲಿ ಒಗೆದು ಹರವಿದ ದಪ್ಪ ಹತ್ತಿಯ ಬಟ್ಟೆ ಮೂರನೆಯ ದಿನಕ್ಕೂ ಕಂಕುಳಲ್ಲಿ ಹಸಿಯಾಗಿಯೇ ಇರುತ್ತದೆ. ಬೇಗ ಒಣಗಲೆಂದು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದರೆ ಒಣಗುವುದೇನೋ ನಿಜ, ಆದರೆ ಹೊಗೆಯ ವಾಸನೆ ಆಫೀಸಿನವರೆಗೂ ಜೊತೆಗೇ ಬರುತ್ತದೆ. ಆದ್ದರಿಂದ ಆರು ಕುರ್ತಾ, ಮೂರು ಪ್ಯಾಂಟು, ಎರಡು ಶಾಲು, ಎರಡು ಸೀರೆ ಎಂದು ಲೆಕ್ಕ ಹಾಕು. ಪ್ರತಿಯೊಂದು ಕುರ್ತಾವೂ ಮೂರು ಪ್ಯಾಂಟುಗಳಲ್ಲಿ ಕನಿಷ್ಠ ಎರಡಕ್ಕಾದರೂ ಒಪ್ಪುವಂತಿದ್ದರೆ, ಈ ಒಂಬತ್ತು ಬಟ್ಟೆಗಳಿಂದಲೇ ಹನ್ನೆರಡು ಜೋಡಿಗಳಾಗುತ್ತವೆ. ಇದಕ್ಕಾಗಿ ಪ್ಯಾಂಟುಗಳನ್ನು ಮೊದಲು ಆರಿಸಬೇಕು: ಕಪ್ಪು, ಕಡುನೀಲಿ, ಮತ್ತು ಕಾಫಿಪುಡಿಯ ಬಣ್ಣ. ಕುಂಬಳೆ ಸ್ಟೇಷನ್ನಿನ ಹೊರಗೆ ರಿಕ್ಷಾದ ಚಕ್ರ ಎರಚುವ ಕೆಂಪು ಕೆಸರು ತಿಳಿಬಣ್ಣದ ಬಟ್ಟೆಯ ಮೇಲೆ ಬಿದ್ದರೆ ಎಷ್ಟು ಒಗೆದರೂ ಅದರ ಗುರುತು ಉಳಿದೇ ಉಳಿಯುತ್ತದೆ. ಹೂವಿನ ಅಚ್ಚು, ತಿಳಿಹಸಿರು, ಸಾಸಿವೆಯ ಹಳದಿ ಇವೆಲ್ಲ ಮೇಲಿನ ಕುರ್ತಾದಲ್ಲಿರಲಿ. ನೆಲ ಮುಟ್ಟುವ ಪಲಾಝೋ ಮಳೆಗಾಲಕ್ಕೆ ಬೇಡವೇ ಬೇಡ, ಅದರ ಅಂಚು ನೀರು ಹೀರಿ ಮೊಣಕಾಲಿನವರೆಗೆ ಏರಿಸುತ್ತದೆ. ಕಾಲ್ಗಂಟಿನ ಮೇಲೆ ನಿಲ್ಲುವ ಪ್ಯಾಂಟು ಹೊಲಿಸು.

ಬಣ್ಣದ ವಿಷಯದಲ್ಲಿ ನನ್ನದೇ ಒಂದು ಅನುಭವವನ್ನು ಹೇಳಬೇಕು. ನೌಕರಿಗೆ ಸೇರಿದ ಮೊದಲ ತಿಂಗಳಿನಲ್ಲಿ, ಒಂದು ಅಂಗಡಿಯವರು ಬಣ್ಣ ಹೋಗುವುದೇ ಇಲ್ಲವೆಂದು ಭರವಸೆ ಕೊಟ್ಟ ಕಡುಗೆಂಪು ಸೀರೆಯನ್ನು ಕೆನೆಬಣ್ಣದ ರವಿಕೆಯ ಮೇಲೆ ಉಟ್ಟು ಹೋಗಿದ್ದೆ. ಸ್ಟೇಷನ್ನಿನಿಂದ ಆಫೀಸಿಗೆ ನಡೆಯುವಾಗ ಬಂದ ಮಳೆಗೆ ಸೆರಗಿನ ಕೆಂಪೆಲ್ಲ ಭುಜದ ಮೇಲೆ ಇಳಿಯಿತು. ಕೈಯಿಂದ ಇಳಿದು, ನಾನು ಬರೆಯುತ್ತಿದ್ದ ರಿಜಿಸ್ಟರಿನ ಹಾಳೆಗೂ ಒಂದು ಕೆಂಪು ಕಲೆ ಅಂಟಿತು. ಇಡೀ ದಿನ ಕುರ್ಚಿಯಿಂದ ಏಳದೆ ಕುಳಿತೆ. ಸಂಜೆ, ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ಕಲಿಸಿಕೊಟ್ಟ ಪರೀಕ್ಷೆಯನ್ನು ನಾನು ಅಂದಿನಿಂದ ಇಂದಿನವರೆಗೆ ಬಿಟ್ಟಿಲ್ಲ. ಬಿಳಿ ಕರ್ಚೀಫಿನ ತುದಿಯನ್ನು ಒದ್ದೆ ಮಾಡಿ, ಬಟ್ಟೆಯ ಒಳಮಗ್ಗುಲಿನ ಮೂಲೆಯಲ್ಲಿ ಹತ್ತು ಸಲ ಒತ್ತಿ ಉಜ್ಜು. ಕರ್ಚೀಫಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಮಳೆಗಾಲಕ್ಕಲ್ಲ. ಉಪ್ಪುನೀರಿನಲ್ಲಿ ನೆನೆಸಿದರೆ ಸರಿಹೋಗುತ್ತದೆಂಬ ಮಾತನ್ನು ನಂಬಬೇಡ.

ಸೀರೆಯ ಮಾತಿಗೆ ಬಂದರೆ, ಎರಡರಲ್ಲಿ ಒಂದಾದರೂ ನಮ್ಮ ಕಾಸರಗೋಡು ಸೀರೆಯಾಗಿರಲಿ. ವಿದ್ಯಾನಗರದಲ್ಲಿರುವ ನೇಕಾರರ ಸಹಕಾರಿ ಸಂಘ 1938ರಷ್ಟು ಹಳೆಯದು. ಅಲ್ಲಿ ಕೈಮಗ್ಗದಲ್ಲಿ ನೇಯುವ ಈ ಹತ್ತಿಯ ಸೀರೆಗೆ, ಇದು ಈ ಊರಿನದೇ ಎಂದು ಗುರುತಿಸುವ ಭೌಗೋಳಿಕ ಸೂಚಕದ (ಜಿ.ಐ.) ಮಾನ್ಯತೆಯೂ ಇದೆ. ಗೀಟು, ಚೌಕುಳಿಗಳ ಒಡಲು, ಸರಳ ಅಂಚು. ಆಫೀಸಿನ ಮೇಜಿನ ಮುಂದೆ ಅದಕ್ಕಿಂತ ಘನತೆಯಾಗಿ ಕಾಣುವ ಉಡುಪನ್ನು ನಾನು ಕಂಡಿಲ್ಲ. ನೂಲಿನೊಳಗೆ ಗಟ್ಟಿಯಾಗಿ ಕೂರುವ ವ್ಯಾಟ್ ಎಂಬ ಬಗೆಯ ಬಣ್ಣ ಹಾಕಿದ ನೂಲಾದ್ದರಿಂದ ಒಗೆತಕ್ಕೆ ಬಣ್ಣ ಬಿಡುವುದಿಲ್ಲ, ಆದರೂ ಕರ್ಚೀಫಿನ ಪರೀಕ್ಷೆ ಮಾಡಿಯೇ ತಗೋ. ಒಂದನ್ನು ಈಗ ತೆಗೆದುಕೊಂಡು, ಇನ್ನೊಂದನ್ನು ಓಣಂ ಸಮಯದಲ್ಲಿ ಕೈಮಗ್ಗದ ಬಟ್ಟೆಗೆ ರಿಬೇಟು ಬಂದಾಗ ನಿನ್ನ ಸಂಬಳದಲ್ಲಿಯೇ ತೆಗೆದುಕೊಂಡರೆ ನನಗೆ ಹೆಚ್ಚು ಸಂತೋಷ. ಮಳೆಗಾಲದಲ್ಲಿ ಮಾತ್ರ ಅದಕ್ಕೆ ಗಂಜಿ ಹಾಕಬೇಡ. ಗಂಜಿಯ ಬಟ್ಟೆಯನ್ನು ಮಡಿಸಿಟ್ಟರೆ ಬೂಷ್ಟು ಮೊದಲು ಹಿಡಿಯುವುದು ಅದನ್ನೇ. ಅಮ್ಮನ ರೇಷ್ಮೆ ದೀಪಾವಳಿಯವರೆಗೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಕೊಂಡು ಕಪಾಟಿನಲ್ಲಿಯೇ ಇರಲಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ.

ಬಟ್ಟೆಗೆ ಕೊಡುವ ಹಣಕ್ಕಿಂತ ಹೊಲಿಗೆಗೆ ಕೊಡುವ ಗಮನ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಸಾಧಾರಣ ಬೆಲೆಯ ಬಟ್ಟೆಯೂ ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿಯೇ ಕುಳಿತರೆ ಎದ್ದು ಕಾಣುತ್ತದೆ. ದುಬಾರಿ ಬಟ್ಟೆಯ ಹೊಲಿಗೆ ತೋಳಿನ ಮೇಲೆ ಜಾರಿದ್ದರೆ ಎರವಲು ತಂದಂತಿರುತ್ತದೆ. ಹತ್ತಿಯ ಬಟ್ಟೆಯನ್ನು ಟೈಲರಿಗೆ ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸು, ಕುಗ್ಗುವುದೆಲ್ಲ ಹೊಲಿಯುವ ಮೊದಲೇ ಕುಗ್ಗಲಿ. ಬದಿಯ ಹೊಲಿಗೆಯ ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಡಲು ಹೇಳು. ಬಲಬದಿಗೆ ಒಂದು ಜೇಬು ಇಡಿಸು, ಸೀಸನ್ ಟಿಕೇಟನ್ನೂ ಫೋನನ್ನೂ ರೈಲಿನ ನೂಕುನುಗ್ಗಲಿನಲ್ಲಿ ಕೈಚೀಲದೊಳಗೆ ಹುಡುಕುವುದು ತಪ್ಪುತ್ತದೆ. ಹೊಲಿದು ಬಂದ ಕುರ್ತಾವನ್ನು ಹಾಕಿಕೊಂಡು ಬರಿದೇ ಕನ್ನಡಿಯ ಮುಂದೆ ನಿಂತರೆ ಸಾಲದು: ರೈಲಿನ ಸರಳು ಹಿಡಿದಂತೆ ಬಲಗೈ ಮೇಲೆತ್ತು, ಕುರ್ಚಿಯಲ್ಲಿ ಕುಳಿತುಕೊ, ನೆಲದ ಮೇಲಿನ ಪೆನ್ನು ಹೆಕ್ಕು. ಎಲ್ಲಿ ಎಳೆಯುತ್ತದೋ ಅಲ್ಲಿ ಬಿಡಿಸಲು ಆವಾಗಲೇ ಹೇಳಿಬಿಡಬೇಕು.

ಚಪ್ಪಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರ್ಮದ್ದು ಬೇಡ, ಒಂದು ವಾರ ಹಸಿಯಾಗಿದ್ದರೆ ಬೂಷ್ಟು ಹಿಡಿಯುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ರಬ್ಬರಿನದ್ದೊಂದು ದಾರಿಗೆ, ಒಣಗಿದ್ದೊಂದು ಆಫೀಸಿನ ಮೇಜಿನ ಕೆಳಗೆ. ಅದೇ ಮೇಜಿನ ಡ್ರಾಯರಿನಲ್ಲಿ ಒಂದು ಟವೆಲನ್ನೂ, ಒಂದು ಜೊತೆ ಒಣಬಟ್ಟೆಯನ್ನೂ, ತುಂಬುತೋಳಿನ ತೆಳ್ಳನೆಯ ಜಾಕೆಟ್ಟನ್ನೂ ಇಟ್ಟುಕೊ. ಒದ್ದೆ ಕುರ್ತಾದಲ್ಲಿ ಎ.ಸಿ.ಯ ಕೆಳಗೆ ಎಂಟು ಗಂಟೆ ಕುಳಿತು ನಡುಗುವುದು ನಿನಗೆ ಬರಬಾರದು.

ಇನ್ನು ತಡಮಾಡುವಂತಿಲ್ಲ. ಮೇ ತಿಂಗಳು ಬಂತೆಂದರೆ ಟೈಲರುಗಳೆಲ್ಲ ಶಾಲೆಯ ಯೂನಿಫಾರ್ಮು ಹೊಲಿಯುವುದರಲ್ಲಿ ಮುಳುಗುತ್ತಾರೆ, ಆಮೇಲೆ ಯಾರ ಕೈಕಾಲು ಹಿಡಿದರೂ ಜೂನಿನ ಮೊದಲು ಸಿಗುವುದಿಲ್ಲ. ಈ ಶನಿವಾರ ಕುಂಬಳೆ ಬಸ್ಸು ಹತ್ತಿ ಇಲ್ಲಿಗೆ ಬಾ. ಹೊಸದೇನನ್ನೂ ತರದೆ, ಕಾಲೇಜಿಗೆ ಹಾಕುತ್ತಿದ್ದ ಬಟ್ಟೆಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಾ. ಅವುಗಳಲ್ಲಿ ಎರಡು ಮೂರಾದರೂ ಆಫೀಸಿಗೆ ಆಗುತ್ತವೆಂದು ನನಗೆ ಖಾತ್ರಿಯಿದೆ, ಅಷ್ಟನ್ನು ಕಳೆದು ಉಳಿದದ್ದಕ್ಕೆ ಮಾತ್ರ ಪಟ್ಟಿ ಮಾಡೋಣ. ಅಮ್ಮನ ಆ ಹಸಿರು ಅಂಚಿನ ಸೀರೆಯನ್ನೂ ರವಿಕೆಯ ಸಮೇತ ತಾ. ತೋಳಿನ ಹೊಲಿಗೆ ಬಿಚ್ಚಿ ನೋಡೋಣ, ಒಳಗೆ ಬಟ್ಟೆ ಬಿಡಿಸಿದ ನೆನಪು ನನಗಿದೆ.

ನಿನ್ನ ದೊಡ್ಡಮ್ಮ