ಎಲ್ಮ್ ಸ್ಟ್ರೀಟಿನ ಐದು-ಹತ್ತು ಸೆಂಟಿನ ಅಂಗಡಿ

ನಮಸ್ಕಾರ.

ಕಳೆದ ಬೇಸಿಗೆಯಲ್ಲಿ ಅಮ್ಮ ಊರಿಂದ ಬಂದಿದ್ದಾಗ ಅಮೆರಿಕದ ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೋಗೆ ಕರೆದುಕೊಂಡು ಹೋಗಿದ್ದೆ. ಡೌನ್‌ಟೌನಿನ ಸೌತ್ ಎಲ್ಮ್ ಸ್ಟ್ರೀಟಿನಲ್ಲಿ ಎರಡು ಹಳೆಯ ಕಟ್ಟಡಗಳಿವೆ. ಒಂದು ಕ್ರೆಸ್, ಇನ್ನೊಂದು ವೂಲ್‌ವರ್ತ್. ಇವು ಏನಾಗಿದ್ದವು ಅಂತ ಅಮ್ಮ ಕೇಳಿದಳು. ಐದು ಸೆಂಟು, ಹತ್ತು ಸೆಂಟಿಗೆ ಸಾಮಾನು ಮಾರುವ ಅಂಗಡಿಗಳು ಅಂದೆ. "ಓ, ಜಾತ್ರೇಲಿ ಯಾವ್ದು ತಗೊಂಡ್ರೂ ಹತ್ತು ರೂಪಾಯಿ ಅಂತ ಕೂಗ್ತಾರಲ್ಲ, ಹಾಗಾ?" ಅಂದಳು. ಹೌದು, ಹಾಗೆಯೇ. ಆದರೆ ಈ ಜಾತ್ರೆ ವರ್ಷವಿಡೀ, ಊರಿನ ನಡುಬೀದಿಯಲ್ಲಿ, ಚಂದದ ಕಟ್ಟಡದೊಳಗೆ ನಡೆಯುತ್ತಿತ್ತು.

ಫ್ರಾಂಕ್ ವೂಲ್‌ವರ್ತ್ ತನ್ನ ಮೊದಲ ಐದು ಸೆಂಟಿನ ಅಂಗಡಿ ತೆರೆದದ್ದು 1879ರ ಫೆಬ್ರವರಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಯುಟಿಕಾದಲ್ಲಿ. ಅದು ಹೆಚ್ಚು ದಿನ ನಡೆಯಲಿಲ್ಲ. ಅದೇ ಜೂನ್‌ನಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಮತ್ತೆ ತೆರೆದ. ಅಲ್ಲಿ ಕೈ ಹಿಡಿಯಿತು. ಅಲ್ಲಿಯವರೆಗೆ ಅಮೆರಿಕದ ಅಂಗಡಿಯೂ ನಮ್ಮೂರ ಶೆಟ್ಟರ ಅಂಗಡಿಯ ಹಾಗೇ ಇತ್ತು. ಸಾಮಾನೆಲ್ಲ ಹಿಂದಿನ ಕಪಾಟಿನಲ್ಲಿ, ನಡುವೆ ಅಂಗಡಿಯವನು. ನೀವು ಕೇಳಬೇಕು, ಅವನು ತೆಗೆದುಕೊಡಬೇಕು. ವೂಲ್‌ವರ್ತ್ ಎಲ್ಲವನ್ನೂ ಮೇಜಿನ ಮೇಲೆ ಹರಡಿಟ್ಟ. ಮುಟ್ಟಿ ನೋಡಿ, ಎತ್ತಿ ನೋಡಿ, ಬೇಡವಾದರೆ ಅಲ್ಲೇ ಇಡಿ. ಚೌಕಾಸಿ ಇಲ್ಲ. ಜೇಬಿನಲ್ಲಿ ಹತ್ತು ಸೆಂಟಿದ್ದರೆ ಸಾಕು, ಯಾರ ಮುಂದೆಯೂ ಸಂಕೋಚಪಡಬೇಕಿಲ್ಲ.

ಕಟ್ಟಡವೂ ಇದಕ್ಕೆ ತಕ್ಕ ಹಾಗೆ ಬೆಳೆಯಿತು. ಡೌನ್‌ಟೌನಿನ ನಿವೇಶನಗಳು ಅಗಲ ಕಡಿಮೆ, ಉದ್ದ ಜಾಸ್ತಿ. ಎದುರಿಗೆ ದೊಡ್ಡ ಗಾಜಿನ ಕಿಟಕಿಗಳು, ಬಾಗಿಲು ಮಾತ್ರ ಒಂದಿಷ್ಟು ಒಳಕ್ಕೆ. ಕಿಟಕಿ ನೋಡುತ್ತಾ ನೋಡುತ್ತಾ ನೀವು ಬಾಗಿಲಿಗೇ ಬಂದಿರುತ್ತೀರಿ! ಒಳಗೆ ಮರದ ನೆಲ, ಅಚ್ಚೊತ್ತಿದ ತಗಡಿನ ಚಾವಣಿ, ಉದ್ದಕ್ಕೂ ಮೇಜುಗಳ ಸಾಲು. ವೂಲ್‌ವರ್ತ್‌ಗೆ ಊರೂರಲ್ಲೂ ಒಂದೇ ಗುರುತು: ಕೆಂಪು ಪಟ್ಟಿಯ ಮೇಲೆ ಚಿನ್ನದ ಬಣ್ಣದ ಅಕ್ಷರ.

ಸ್ಯಾಮ್ಯುಯೆಲ್ ಕ್ರೆಸ್ ಇನ್ನೂ ಮುಂದೆ ಹೋದ. ಅವನ ಕಂಪನಿಯಲ್ಲೇ ಒಂದು ವಾಸ್ತುಶಿಲ್ಪ ವಿಭಾಗವಿತ್ತು. 1929ರಿಂದ 1944ರವರೆಗೆ ಅದನ್ನು ನೋಡಿಕೊಂಡ ಎಡ್ವರ್ಡ್ ಸಿಬರ್ಟ್ 50ಕ್ಕೂ ಹೆಚ್ಚು ಅಂಗಡಿಗಳ ವಿನ್ಯಾಸ ಮಾಡಿದ. ಹಳದಿ ಛಾಯೆಯ ಇಟ್ಟಿಗೆ, ಅದರ ಮೇಲೆ ಬಣ್ಣಬಣ್ಣದ ಟೆರಾಕೋಟ. ನಮ್ಮ ಮಂಗಳೂರು ಹೆಂಚಿನ ಹಾಗೆ ಇದೂ ಸುಟ್ಟ ಮಣ್ಣೇ. ಅಚ್ಚಿನಲ್ಲಿ ಹೂವು, ಬಳ್ಳಿ ಮೂಡಿಸಿ, ಮೇಲೆ ಹೊಳಪು ಕೊಟ್ಟು ಸುಡುತ್ತಿದ್ದರು. ಕಲ್ಲು ಕೆತ್ತಿಸುವುದಕ್ಕಿಂತ ಅಗ್ಗ. ಸುಮ್ನೆ ನೆಲ ನೋಡಿಕೊಂಡು ನಡೆದರೆ ಇದು ಕಾಣುವುದಿಲ್ಲ, ಕತ್ತೆತ್ತಬೇಕು. ಹತ್ತು ಸೆಂಟಿನ ಬಾಚಣಿಗೆ ಕೊಳ್ಳಲು ಬಂದವರಿಗಾಗಿ ಇಷ್ಟು ಅಕ್ಕರೆಯಿಂದ ಕಟ್ಟಿದರಲ್ಲ ಅಂತ ನನಗೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ.

ಅದೇ ಚಿಲ್ಲರೆ ಕಾಸಿನಿಂದ ನ್ಯೂಯಾರ್ಕಿನಲ್ಲಿ 1913ರಲ್ಲಿ 792 ಅಡಿಯ ವೂಲ್‌ವರ್ತ್ ಬಿಲ್ಡಿಂಗ್ ಎದ್ದಿತು. ಆಗ ಅದು ಜಗತ್ತಿನ ಅತಿ ಎತ್ತರದ ಕಟ್ಟಡ.

ಆದರೆ ಅಮೆರಿಕದ ದಕ್ಷಿಣ ರಾಜ್ಯಗಳ ಊರುಗಳಲ್ಲಿ ಈ ಅಂಗಡಿಯೊಳಗೆ ಒಂದು ಜಾಗ ಎಲ್ಲರಿಗೂ ತೆರೆದಿರಲಿಲ್ಲ. ಅದು ಊಟದ ಕೌಂಟರ್. ಸಾಲು ಸ್ಟೂಲು, ಕಾಫಿ, ಸ್ಯಾಂಡ್‌ವಿಚ್. ಕಪ್ಪು ಜನ ಬೇರೆ ಎಲ್ಲ ಮೇಜಿನಲ್ಲೂ ಸಾಮಾನು ಕೊಳ್ಳಬಹುದಿತ್ತು, ಇಲ್ಲಿ ಕೂತು ಉಣ್ಣುವ ಹಾಗಿರಲಿಲ್ಲ. 1960ರ ಫೆಬ್ರವರಿ 1ರಂದು ನಾಲ್ವರು ವಿದ್ಯಾರ್ಥಿಗಳು, ಎಜೆಲ್ ಬ್ಲೇರ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್, ಡೇವಿಡ್ ರಿಚ್ಮಂಡ್, ಗ್ರೀನ್ಸ್‌ಬರೋದ ಈ ವೂಲ್‌ವರ್ತ್‌ಗೆ ಬಂದರು. ಮೊದಲು ಟೂತ್‌ಪೇಸ್ಟ್‌ನಂಥ ಸಣ್ಣಪುಟ್ಟ ಸಾಮಾನು ಕೊಂಡು ರಸೀದಿ ತೆಗೆದುಕೊಂಡರು. ಆಮೇಲೆ ಕೌಂಟರಿಗೆ ಹೋಗಿ ಕೂತರು. ಅಲ್ಲಿ ನಮ್ಮ ದುಡ್ಡು ಆಗುತ್ತದೆ, ಇಲ್ಲಿ ಯಾಕೆ ಆಗುವುದಿಲ್ಲ? ಅಷ್ಟೇ ಪ್ರಶ್ನೆ. ಏನೂ ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ಅದೇ ತಿಂಗಳು ನ್ಯಾಶ್‌ವಿಲ್‌ನಲ್ಲಿ ಕ್ರೆಸ್, ವೂಲ್‌ವರ್ತ್ ಕೌಂಟರುಗಳಲ್ಲಿ ಕೂತ ವಿದ್ಯಾರ್ಥಿಗಳಿಗೆ ಅಹಿಂಸೆಯ ತರಬೇತಿ ಕೊಟ್ಟವರು ಜೇಮ್ಸ್ ಲಾಸನ್. ಅವರು ನಮ್ಮ ನಾಗಪುರದಲ್ಲಿದ್ದು ಗಾಂಧೀಜಿಯ ಸತ್ಯಾಗ್ರಹವನ್ನು ಓದಿ ತಿಳಿದವರು.

ನಮಗೂ ಈ ಕೌಂಟರಿಗೂ ಇನ್ನೊಂದು ನಂಟಿದೆ. ಈ ಚಳವಳಿಯ ಬಲದಿಂದ 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಅದೇ ಗಾಳಿಯಲ್ಲಿ ಮರುವರ್ಷ ವಲಸೆ ಕಾಯ್ದೆ ಬದಲಾಯಿತು. ಅದಕ್ಕೆ ಮೊದಲು ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ. ಇಲ್ಲಿನ ನಮ್ಮ ಕನ್ನಡ ಸಂಘದ ಹಿರಿಯರು ಸೂಟ್‌ಕೇಸ್ ಹಿಡಿದು ಇಲ್ಲಿ ಇಳಿದದ್ದು ಆ ಬಾಗಿಲು ತೆರೆದ ಮೇಲೆಯೇ, ಅಲ್ವಾ?

ಆಮೇಲೆ ಹೈವೇ ಬದಿಯ ಮಾಲುಗಳು, ದೊಡ್ಡ ಡಿಸ್ಕೌಂಟ್ ಅಂಗಡಿಗಳು ಬಂದವು, ಡೌನ್‌ಟೌನ್ ಖಾಲಿಯಾಯಿತು. 1997ರಲ್ಲಿ ವೂಲ್‌ವರ್ತ್ ಅಮೆರಿಕದಲ್ಲಿ ಉಳಿದಿದ್ದ ತನ್ನ ಅಗ್ಗದ ಅಂಗಡಿಗಳನ್ನೆಲ್ಲ ಮುಚ್ಚುವುದಾಗಿ ಹೇಳಿತು. ಗ್ರೀನ್ಸ್‌ಬರೋದ ಕಟ್ಟಡ ಮಾತ್ರ 2010ರ ಫೆಬ್ರವರಿ 1ರಿಂದ ನಾಗರಿಕ ಹಕ್ಕುಗಳ ಮ್ಯೂಸಿಯಂ ಆಗಿದೆ. ಕೌಂಟರಿನ ಒಂದು ತುಂಡು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ, ಉಳಿದದ್ದರಲ್ಲಿ ಹೆಚ್ಚಿನದು ಇಲ್ಲೇ ಇದೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ.

ಅಮ್ಮ ಆ ಸ್ಟೂಲುಗಳ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಕೊನೆಗೆ ಮೊದಲು ಊಟ ಸಿಕ್ಕಿದ್ದು ಯಾರಿಗೆ ಅಂತ ಕೇಳಿದಳು. 1960ರ ಜುಲೈ 25ರಂದು ಅದೇ ಅಂಗಡಿಯ ನಾಲ್ವರು ಕಪ್ಪು ನೌಕರರಿಗೆ ಅಂದೆ. ಮ್ಯಾನೇಜರ್ ಹೇಳಿದ ಮೇಲೆ ಅವರು ಕೆಲಸದ ಬಟ್ಟೆ ಬದಲಿಸಿ, ಕೌಂಟರಿನ ಈಚೆ ಬದಿಗೆ ಬಂದು ಕೂತು, ಊಟ ಹೇಳಿದರು.