ಸೈಟಿನ ಕರ್ಣವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ರಸ್ತೆ ಓರೆಯಾದಲ್ಲಿ ಸೈಟೂ ಓರೆಯಾಗುತ್ತದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ನನ್ನ ತಕರಾರು ಲೆಕ್ಕದ್ದು. ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಬಂದ ಎರಡನ್ನೂ ಗುಣಿಸಿ ಇಷ್ಟು ಚದರಡಿ ಎಂದು ಖರೀದಿ ಪತ್ರದಲ್ಲಿ ಬರೆದುಬಿಡುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನ್ನ ಬಳಿ ಓಣಿಯವರು ಇಂಥ ಕಾಗದ ತಂದು, "ಅಕ್ಕೋರ, ಇದು ಬರೋಬ್ಬರಿ ಐತೇನ್ರಿ?" ಅನ್ನುತ್ತಾರೆ.

ಮೊನ್ನೆ ಬಂದದ್ದು 30×40ರ ಸೈಟು, 1,200 ಚದರಡಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿಸಿದೆ. ಒಂದು ಕರ್ಣ 42 ಅಡಿ, ಇನ್ನೊಂದು ಹೆಚ್ಚುಕಡಿಮೆ 57. ಮೂಲೆಗಳು ನೆಟ್ಟಗಿದ್ದರೆ ಎರಡೂ 50 ಬರಬೇಕಿತ್ತು. ಕರ್ಣ ಎಳೆದು ಎರಡು ತ್ರಿಕೋನ ಮಾಡಿ ಲೆಕ್ಕ ಹಾಕಿದರೆ ಜಾಗ 1,142 ಚದರಡಿ. ಅಡಿಗೆ ಸಾವಿರ ರೂಪಾಯಿ ಹಿಡಿದರೂ 58 ಸಾವಿರ ಹೋಯಿತು!

ನಾಲ್ಕು ಪಟ್ಟಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಜೋಡಿಸಿ, ಒತ್ತಿ ನೋಡಿ. ಬದಿಯ ಉದ್ದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಒಳಗಿನ ಜಾಗ ಮಾತ್ರ ಕುಗ್ಗುತ್ತಾ ಹೋಗುತ್ತದೆ. ಮೂರು ಪಟ್ಟಿಯ ತ್ರಿಕೋನ ಹೀಗೆ ಅಲುಗಾಡದು, ಅದಕ್ಕೇ ಕರ್ಣ ಬೇಕು. ಸರಾಸರಿ ಲೆಕ್ಕ ಆಯತಕ್ಕಷ್ಟೇ ಸರಿ, ಉಳಿದ ಆಕಾರಗಳಿಗೆಲ್ಲ ಜಾಸ್ತಿಯೇ ತೋರಿಸುತ್ತದೆ. ಕೊಳ್ಳುವವನ ಕಡೆಗೆ ಒಮ್ಮೆಯೂ ವಾಲುವುದಿಲ್ಲ.

ಇದು ಹೊಸ ಸಂಗತಿಯೇನಲ್ಲ. 628ರಲ್ಲೇ ಗಣಿತಜ್ಞ ಬ್ರಹ್ಮಗುಪ್ತ ಈ ಸರಾಸರಿ ಲೆಕ್ಕವನ್ನು ಸ್ಥೂಲವೆಂದು ಬದಿಗಿಟ್ಟಿದ್ದ. 1150ರ ಗಣಿತ ಗ್ರಂಥ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯರು ಇನ್ನೂ ಖಾರ: ಲಂಬವನ್ನೋ ಕರ್ಣವನ್ನೋ ಹೇಳದೆ ಚತುರ್ಭುಜದ ಕ್ಷೇತ್ರಫಲ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅವನನ್ನೂ ಮೀರಿಸಿದವನು. ಭಾಸ್ಕರರು ನಮ್ಮ ವಿಜಯಪುರದವರೆಂಬ ವಾದವಿದೆ. ಅದು ಇತ್ಯರ್ಥವಾಗಿಲ್ಲ, ಆದರೆ ಬೈಗುಳ ಮಾತ್ರ ನಮ್ಮೂರಿಗೇ ಹೇಳಿ ಮಾಡಿಸಿದಂತಿದೆ.

ಖರೀದಿ ಪತ್ರ ಬರೆಯುವವರಲ್ಲಿ, ಬಡಾವಣೆ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೆ: ನಾಲ್ಕು ಬದಿಗಳ ಜೊತೆ ಒಂದು ಕರ್ಣದ ಅಳತೆಯನ್ನೂ ನಮೂದಿಸಿ. ನಾಲ್ಕು ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿಯ ಕೆಳಗೆ ಒಂದು ಸಾಲು ಹೆಚ್ಚಾದೀತು, ಅಷ್ಟೆ. ಹೊಲ ಅಳೆಯುವಾಗ ತ್ರಿಕೋನ ಮಾಡಿಕೊಳ್ಳುವ ನಾವು, ಹೊಲಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಸೈಟಿಗೆ ಯಾಕೆ ಬಿಡಬೇಕು?

ನಡುವೆ ಮನೆ ಎದ್ದಿದ್ದರೆ ಕರ್ಣಕ್ಕೆ ಟೇಪು ಹಾಯದು. ಆಗ ಕಾಂಪೌಂಡಿನ ಒಳಮೂಲೆಯಿಂದ ಒಂದು ಗೋಡೆಗೆ 6 ಅಡಿ, ಇನ್ನೊಂದಕ್ಕೆ 8 ಅಡಿ ಗುರುತು ಹಾಕಿ, ಗುರುತುಗಳ ನಡುವೆ ಅಳೆಯಿರಿ. 10 ಬರದಿದ್ದರೆ ಆ ಮೂಲೆ ಓರೆ. ಗೋಡೆ ಕಟ್ಟುವ ಗವಂಡಿಗಳು 3, 4, 5 ಅಡಿ ಹಿಡಿಯುತ್ತಾರೆ, ಅದೂ ನಡೆಯುತ್ತದೆ. ಆದರೆ ಅಳತೆ ಸಣ್ಣದಾದಷ್ಟೂ ಟೇಪಿನ ಅರ್ಧ ಇಂಚು ಹೆಚ್ಚು ಮೋಸ ಮಾಡುತ್ತದೆ.

– ನಿವೃತ್ತ ಗಣಿತ ಶಿಕ್ಷಕಿ, ವಿಜಯಪುರ