ಗೆಳೆಯನಿಗೊಂದು ಪತ್ರ: ಏರಿಯೊಳಗಿನ ಮನೆ

ಪ್ರೀತಿಯ ಗೆಳೆಯಾ,

ಗೃಹಪ್ರವೇಶದ ಫೋಟೋ ಎಲ್ಲ ನೋಡಿದೆ. ಬೂದುಗುಂಬಳದ ವಿಷಯ ಇಲ್ಲಿ ಎಲ್ಲರ ಮುಂದೆ ಎತ್ತಲ್ಲ, ಹೆದರಬೇಡ. ಹಿತ್ತಿಲ ಬೇಲಿಯಾಚೆ ಹುಲ್ಲು ಬೆಳೆದ ಉದ್ದನೆಯ ದಿಬ್ಬ ಇದೆ, ಅದರ ಮೇಲೆ ಸಂಜೆ ಸೈಕಲ್ ಹೊಡೆಯಬಹುದು ಅಂತ ಬರೆದಿದ್ದೀಯಲ್ಲ, ಅದು ದಿಬ್ಬ ಅಲ್ಲವೋ. ಏರಿ. ನಮ್ಮ ಕೆರೆ ಏರಿಯಂಥದ್ದೇ. ಕೆರೆಗೆ ಏರಿಯ ಒಳಗೆ ನೀರು, ಹೊರಗೆ ಊರು. ನಿಮ್ಮ ಬಡಾವಣೆ ನಟೋಮಸ್‌ನಲ್ಲಿ ಒಳಗೆ ಊರು, ಹೊರಗೆ ನೀರು. ಸುಮಾರು 42 ಮೈಲಿ ಏರಿ ಬಳೆಯ ಹಾಗೆ ನಿಮ್ಮನ್ನು ಸುತ್ತಿಕೊಂಡಿದೆ.

ನೀನಿರುವ ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾದ ರಾಜಧಾನಿ, ಹುಟ್ಟಿದ ಬಗೆಯನ್ನು ಒಮ್ಮೆ ನೆಟ್ಟಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ನೀನೂ ಓದು, ಅಲ್ಲಿ ಮನೆ ಹುಡುಕುತ್ತಿರುವ ಉಳಿದವರೂ ಓದಲಿ.

ಎರಡು ನದಿ ಕೂಡುವ ಜಾಗ ಅದು. ಉತ್ತರದಿಂದ ಸ್ಯಾಕ್ರಮೆಂಟೊ ನಿಧಾನವಾಗಿ, ಉದ್ದಕ್ಕೆ ಹರಿದು ಬರುತ್ತದೆ. ಪೂರ್ವದ ಸಿಯೆರಾ ಬೆಟ್ಟಗಳಿಂದ ಅಮೆರಿಕನ್ ನದಿ ಕಡಿದಾಗಿ ಇಳಿಯುತ್ತದೆ. ಬೆಟ್ಟದ ಹಿಮದ ಮೇಲೆ ಬೆಚ್ಚಗಿನ ಮಳೆ ಬಿದ್ದರೆ ಸಾಕು, ಮಳೆಯ ನೀರು, ಕರಗಿದ ನೀರು ಎರಡೂ ಒಟ್ಟಿಗೆ ಬಂದುಬಿಡುತ್ತವೆ. ಅಲ್ಲಿ ಮೊದಲಿಂದ ಇದ್ದ ನಿಸೆನಾನ್ ಜನಕ್ಕೆ ಇದು ಗೊತ್ತಿತ್ತು. ಅವರ ಹಳ್ಳಿಗಳು ನದಿಯ ಪಕ್ಕದಲ್ಲೇ ಇದ್ದರೂ ಕೂತಿದ್ದು ಉಬ್ಬು ನೆಲದ ಮೇಲೆ. 1833ರಲ್ಲಿ ಮಲೇರಿಯಾ ಬಂದು ಆ ಕಣಿವೆಯಲ್ಲಿ ಸಾವಿರಾರು ಜನ ಸತ್ತರು. ಅದು ಬಂದದ್ದು ತುಪ್ಪಳದ ವ್ಯಾಪಾರಕ್ಕೆ ಓಡಾಡುತ್ತಿದ್ದವರ ಜೊತೆ. ಜಾನ್ ಸಟ್ಟರ್ ಅನ್ನುವ ಸಾಲಗಾರ 1839ರ ಆಗಸ್ಟಿನಲ್ಲಿ ಹವಾಯಿಯ ಕೆಲವು ಆಳುಗಳ ಜೊತೆ ದೋಣಿಯಿಂದ ಇಳಿದಾಗ ನೆಲ ಖಾಲಿ ಇತ್ತು ಅಂತ ಬರೆಯುತ್ತಾರೆ. ಖಾಲಿ ಇದ್ದದ್ದಲ್ಲ, ಆರು ವರ್ಷದ ಹಿಂದೆ ಖಾಲಿಯಾದದ್ದು. ಉಳಿದಿದ್ದ ನಿಸೆನಾನ್ ಜನರ ಕೈಯಿಂದಲೇ ಅವನು ಹಸಿ ಇಟ್ಟಿಗೆಯ ಕೋಟೆ ಕಟ್ಟಿಸಿದ.

ಕೋಟೆಯನ್ನು ಎಲ್ಲಿ ಕಟ್ಟಿಸಿದ ನೋಡು: ಸ್ಯಾಕ್ರಮೆಂಟೊ ದಂಡೆಯಿಂದ ಸುಮಾರು ಎರಡು ಮೈಲಿ ಒಳಗೆ, ಎತ್ತರದ ನೆಲದಲ್ಲಿ. ಮುಂದೆ ಊರೊಂದನ್ನು ಕಟ್ಟಬೇಕು ಅನ್ನಿಸಿದಾಗ ಅವನು ಆರಿಸಿದ್ದೂ ಸಂಗಮವನ್ನಲ್ಲ. ಅಲ್ಲಿಂದ ಮೂರು ಮೈಲಿ ದಕ್ಷಿಣಕ್ಕೆ, ಎತ್ತರದ ದಂಡೆಯಲ್ಲಿ ಸಟ್ಟರ್‌ವಿಲ್ ಅಂತ ಗುರುತು ಹಾಕಿಸಿದ.

1848ರ ಜನವರಿ 24ರಂದು ಕೊಲೋಮಾದಲ್ಲಿ, ಸಟ್ಟರ್‌ಗಾಗಿ ಕಟ್ಟುತ್ತಿದ್ದ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನ ಸಿಕ್ಕಿತು. ಆ ವರ್ಷವೇ ಸಟ್ಟರ್‌ನ ಮಗ ಬಂದು ಇಳಿದ. ಸಾಲ ಕೊಟ್ಟವರು ಜಪ್ತಿ ಮಾಡದಿರಲಿ ಅಂತ ಆಸ್ತಿ ಮಗನ ಹೆಸರಿಗಾಯಿತು. ಅಪ್ಪ ಕೊಲೋಮಾದ ಕಡೆ ಇದ್ದಾಗ, ಡಿಸೆಂಬರಿನಲ್ಲಿ, ಮಗ ವಾರ್ನರ್ ಅನ್ನುವ ಸೇನೆಯ ಎಂಜಿನಿಯರ್ ಕೈಲಿ ಸಂಗಮದ ಪಕ್ಕದಲ್ಲೇ ಊರಿನ ನಕ್ಷೆ ಹಾಕಿಸಿದ. ಒಂದು ಕಡೆಗೆ ಎ, ಬಿ, ಸಿ ಬೀದಿಗಳು, ಅಡ್ಡಕ್ಕೆ 1, 2, 3. ರಸ್ತೆ 80 ಅಡಿ ಅಗಲ, ಎಂ ಬೀದಿ ಮಾತ್ರ 100. ಆ ಗೆರೆಗಳ ಮೇಲೇ ನೀನು ಇವತ್ತು ಕಾರು ನಿಲ್ಲಿಸುತ್ತೀಯ. ಸ್ಯಾಮ್ ಬ್ರ್ಯಾನನ್‌ನಂಥ ವ್ಯಾಪಾರಿಗಳಿಗೆ ಬೇಕಾಗಿದ್ದದ್ದು ಹಡಗು ಬಂದು ನಿಲ್ಲುವ ಜಾಗ. ಸಾನ್ ಫ್ರಾನ್ಸಿಸ್ಕೊದಿಂದ ಬಂದ ಸಾಮಾನು ದಂಡೆಯಲ್ಲಿ ಇಳಿಯಬೇಕು, ಅಲ್ಲೇ ಮಾರಾಟ ಆಗಬೇಕು, ಅಲ್ಲಿಂದಲೇ ಗಣಿಗೆ ಗಾಡಿ ಹೊರಡಬೇಕು. ಸೈಟುಗಳು ಬಿಸಿ ಕಡಲೆಯ ಹಾಗೆ ಖರ್ಚಾದವು. 1850ರ ಜನಗಣತಿಯಲ್ಲಿ 6,820 ಜನ, 1860ಕ್ಕೆ 13,785.

ಆಮೇಲಿನ ಲೆಕ್ಕ ನೀರಿನದು. 1850ರ ಜನವರಿಯಲ್ಲಿ ಊರು ಮುಳುಗಿತು. ಹಾರ್ಡಿನ್ ಬಿಗೆಲೊ ಎಂಬಾತ ಜನ ಸೇರಿಸಿ ತಗ್ಗು ಜಾಗಗಳಿಗೆ ಮಣ್ಣು ಹಾಕಿಸಿ ಮುಂದಿನ ನೀರನ್ನು ತಡೆದ. ಏಪ್ರಿಲ್‌ನಲ್ಲಿ ಅವನೇ ಮೇಯರ್ ಆದ. ಆಗಸ್ಟಿನಲ್ಲಿ ಜಮೀನಿನ ಹಕ್ಕಿನ ಗಲಭೆಯಲ್ಲಿ ಗುಂಡೇಟು ತಿಂದು, ವರ್ಷ ಮುಗಿಯುವುದರೊಳಗೆ ಕಾಲರಾದಿಂದ ತೀರಿಕೊಂಡ. 1852ರ ನವೆಂಬರಿನಲ್ಲಿ ಕ್ಯಾನ್ವಾಸು, ಮರದ ಊರು ಬಹುಪಾಲು ಸುಟ್ಟುಹೋಯಿತು. ಆಗ ಇಟ್ಟಿಗೆಯಲ್ಲಿ ಕಟ್ಟಿದರು. ಈ ಇಟ್ಟಿಗೆಯ ತೂಕ ಮುಂದೆ ಅವರಿಗೇ ಭಾರವಾಗಲಿತ್ತು.

1861ರ ಡಿಸೆಂಬರ್ 9ರಂದು ಆದದ್ದನ್ನು ನೀನು ಚೆನ್ನಾಗಿ ತಿಳಿದುಕೊಳ್ಳಬೇಕು. ಅಮೆರಿಕನ್ ನದಿಯ ಏರಿ ಊರಿನ ಪೂರ್ವಕ್ಕೆ ಒಡೆಯಿತು. ನೀರು ಒಳಗೆ ನುಗ್ಗಿ ದಕ್ಷಿಣಕ್ಕೆ ಹರಿದು ಹೋಗಬೇಕಿತ್ತು, ಆದರೆ ಅಲ್ಲಿ ಆರ್ ಬೀದಿಯ ರೈಲು ಹಾದಿಯ ಏರಿ ಅಡ್ಡ ಇತ್ತು. ಊರನ್ನು ಕಾಯಬೇಕಾದ ಏರಿಯೇ ನೀರನ್ನು ಊರೊಳಗೆ ಹಿಡಿದು ನಿಲ್ಲಿಸಿತು. ಒಳಗಿನ ನೀರಿನ ಮಟ್ಟ ಹೊರಗಿನದಕ್ಕಿಂತ ಮೇಲೇರಿತು. ಕೊನೆಗೆ ಆ ಏರಿಯನ್ನು ಕಡಿದರು. ಕಡಿದ ಕಂಡಿಯತ್ತ ನುಗ್ಗಿದ ಸೆಳವು ಮನೆಗಳನ್ನೇ ಎಳೆದುಕೊಂಡು ಹೋಯಿತು. ಮರುತಿಂಗಳು 10ನೇ ತಾರೀಕು ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಗವರ್ನರ್ ಆಗಿ ಪ್ರಮಾಣ ಮಾಡಲು ಹೋದದ್ದು ದೋಣಿಯಲ್ಲಿ. ಶಾಸನಸಭೆ ಸಾನ್ ಫ್ರಾನ್ಸಿಸ್ಕೊಗೆ ಗಂಟುಮೂಟೆ ಕಟ್ಟಿತು.

ಆಗಲೂ ಅವರು ಊರು ಬಿಡಲಿಲ್ಲ. ಬಿಟ್ಟರೆ ಬಂದರು ಹೋಗುತ್ತದೆ, ರಾಜಧಾನಿಯ ಪಟ್ಟ ಹೋಗುತ್ತದೆ, ದೇಶದ ಪೂರ್ವದಿಂದ ಬರಲಿದ್ದ ರೈಲು ಹೋಗುತ್ತದೆ. ಅಮೆರಿಕನ್ ನದಿಯ ಬಾಯನ್ನೇ ಉತ್ತರಕ್ಕೆ ಸರಿಸಿದರು. ಜೊತೆಗೆ ಬೀದಿಗಳನ್ನು ಮೇಲೆತ್ತಿದರು. ಸುಮಾರು ಹತ್ತು ವರ್ಷ ನಡೆದ ಕೆಲಸ ಅದು. ಐ, ಜೆ, ಕೆ ಬೀದಿಗಳ ಎರಡೂ ಅಂಚಿಗೆ ಇಟ್ಟಿಗೆ ಗೋಡೆ ಕಟ್ಟಿ, ನಡುವೆ ಮಣ್ಣು ತುಂಬಿ, ಮೇಲೆ ರಸ್ತೆ. ನದಿಯ ಹತ್ತಿರ ಹತ್ತು ಅಡಿಗೂ ಮೇಲೆ, ಪೂರ್ವಕ್ಕೆ ಹೋದ ಹಾಗೆ ಕಡಿಮೆ. ತುಂಬಿದ ಮಣ್ಣು ಮಳೆಗೆ ನೆನೆದರೆ ಗೋಡೆಯನ್ನು ಹೊರಕ್ಕೆ ದೂಡುತ್ತದೆ, ಅದಕ್ಕೇ ಬುಡ ದಪ್ಪ ಇರಬೇಕು. ರಸ್ತೆ ನಗರಸಭೆಯ ಪಾಲಿಗೆ, ಕಟ್ಟಡವೂ ಅದರ ಮುಂದಿನ ಕಾಲುದಾರಿಯೂ ಮಾಲೀಕನ ಪಾಲಿಗೆ. ದುಡ್ಡಿದ್ದವರು ಕಟ್ಟಡವನ್ನೇ ಎತ್ತಿಸಿದರು: ಗೋಡೆಯ ಬುಡದಲ್ಲಿ ತೂತು ಕೊರೆದು ತೊಲೆ ತೂರಿಸಿ, ತೊಲೆಯಡಿ ಸ್ಕ್ರೂ ಜಾಕಿ ಇಟ್ಟು, ಎಲ್ಲ ಆಳುಗಳೂ ಒಂದೇ ಸನ್ನೆಗೆ ಒಂದೇ ಅಳತೆ ತಿರುಗಿಸಬೇಕು. ಒಂದು ಮೂಲೆ ಮುಂದೆ ಹೋದರೆ ಇಟ್ಟಿಗೆ ಗೋಡೆ ಬಿರುಕು ಬಿಡುತ್ತದೆ. ಎತ್ತಿದಷ್ಟೂ ಕೆಳಗೆ ಹೊಸ ಇಟ್ಟಿಗೆ ಕಟ್ಟುತ್ತಾ ಬರಬೇಕು. ಆಗದವರು ಕೆಳಮಹಡಿಯನ್ನು ನೆಲಮಾಳಿಗೆ ಮಾಡಿಕೊಂಡು ಮೊದಲ ಮಹಡಿಗೆ ಬಾಗಿಲು ಇಟ್ಟರು. ಎಲ್ಲರೂ ಒಟ್ಟಿಗೆ ಎತ್ತದ್ದರಿಂದ ಕಾಲುದಾರಿ ಒಂದು ಅಂಗಡಿ ಮುಂದೆ ಮೇಲೆ, ಪಕ್ಕದ್ದರ ಮುಂದೆ ಕೆಳಗೆ. ಹಳೇ ಊರಿನ ಕಾಲುದಾರಿಯಡಿ ಈಗಲೂ ಟೊಳ್ಳಿದೆ, ಇಳಿದು ನೋಡಬಹುದು.

ಅವರು ಅಳತೆ ಹಿಡಿದದ್ದು ಬಂದುಹೋದ ನೀರಿಗೆ. ಅಷ್ಟರಲ್ಲಿ ಮೇಲೆ ಬೆಟ್ಟಗಳಲ್ಲಿ ಕಬ್ಬಿಣದ ದೊಡ್ಡ ನಳಿಗೆಯಿಂದ ನೀರು ಹಾಯಿಸಿ ಗುಡ್ಡ ಕರಗಿಸಿ ಚಿನ್ನ ತೆಗೆಯುತ್ತಿದ್ದರು. ಆ ಹೂಳೆಲ್ಲ ಕೆಳಗೆ ಬಂದು ನದಿಯ ತಳವೇ ಮೇಲೇರುತ್ತಾ ಹೋಯಿತು. ಯಾರನ್ನು ನಂಬಿ ಊರು ಬೆಳೆಯಿತೋ ಅವರೇ ಅದರ ನದಿಯನ್ನು ಹೂಳಿದರು. 1884ರ ಜನವರಿಯಲ್ಲಿ ನ್ಯಾಯಾಧೀಶ ಸಾಯರ್ ತಡೆಯಾಜ್ಞೆ ಕೊಟ್ಟ ಮೇಲೆ ಅದು ನಿಂತಿತು, ಹೂಳು ಮಾತ್ರ ದಶಕಗಟ್ಟಲೆ ಇಳಿಯುತ್ತಲೇ ಇತ್ತು. ಆಮೇಲೆ ಬುದ್ಧಿ ಬಂತು: ಏರಿ ಎತ್ತರಿಸುತ್ತಾ ಹೋಗುವುದಲ್ಲ, ಕೋಡಿ ಬೇಕು. 1916ರಲ್ಲಿ ಊರಿನ ಮೇಲುಗಡೆ ಸ್ಯಾಕ್ರಮೆಂಟೊ ವಿಯರ್ ಅನ್ನುವ ಕೋಡಿ ಮುಗಿಯಿತು. 48 ಗೇಟು, ಪ್ರತಿ ಗೇಟಿಗೆ 38 ಮರದ ಹಲಗೆ, ಕೈಯಿಂದಲೇ ಬಿಡಿಸಬೇಕು. ಅದು ತೆರೆದಾಗ ಅಮೆರಿಕನ್ ನದಿಯ ನೀರು ಸಂಗಮದಿಂದ ಹಿಮ್ಮುಖವಾಗಿ ಹರಿದು ಕೋಡಿ ಬೀಳುತ್ತದೆ. ಊರಿನ ಪಕ್ಕದ ನದಿ ಹೊರುವುದು ಸುಮಾರು 1.1 ಲಕ್ಷ ಕ್ಯೂಸೆಕ್, ಪಶ್ಚಿಮದ ಯೋಲೊ ಬಯಲಿಗೆ ಬಿಡುವುದು ಅದರ ನಾಲ್ಕು ಪಟ್ಟಿಗೂ ಹೆಚ್ಚು.

ಈಗ ಹೇಳಬೇಕಾದ್ದು ಹೇಳಿಬಿಡುತ್ತೇನೆ. ಸಟ್ಟರ್‌ನ ಮಗ, ಅವನ ಸುತ್ತಲಿನ ವ್ಯಾಪಾರಿಗಳು, ಇವರ ಬಗ್ಗೆ ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಕೋಟೆ ಯಾಕೆ ಎತ್ತರದಲ್ಲಿದೆ ಅಂತ ಕೊಳ್ಳುವವರಿಗೆ ಒಂದು ಮಾತು ಹೇಳಬಾರದಿತ್ತೇ? ಮೊನ್ನೆ ನಿನ್ನ ಫೋಟೋದಲ್ಲಿ ಆ ಏರಿ ಕಂಡಾಗ ಕೈ ತಣ್ಣಗಾಯಿತು. ಮನೆ ನೋಡುವ ದಿನಗಳಲ್ಲಿ ನೀನು ವಿಳಾಸ ಕಳಿಸಿ "ಏನಂತೀಯ?" ಅಂದಿದ್ದೆ. ನಟೋಮಸ್‌ನ ಏರಿಯಡಿ ನೀರು ಜಿನುಗುತ್ತದೆ ಅಂತ ಕಂಡುಬಂದು 2008ರಿಂದ 2015ರವರೆಗೆ ಅಲ್ಲಿ ಹೊಸ ಮನೆ ಕಟ್ಟುವುದೇ ನಿಂತಿದ್ದು ನನಗೆ ಗೊತ್ತಿತ್ತು. ನಿನ್ನ ದನಿಯಲ್ಲಿ ಅಷ್ಟು ಖುಷಿ ಇತ್ತು, "ತಗೋ ಮಾರಾಯ" ಅಂದುಬಿಟ್ಟೆ. ಅದು ತಪ್ಪು. ಇದನ್ನು ಇಷ್ಟು ಜನರ ಮುಂದೆ ಬರೆಯಬೇಕು ಅಂತ ಕೂತದ್ದಲ್ಲ, ಬರೆಯುತ್ತಾ ಬಂದುಬಿಟ್ಟಿತು.

ಏರಿಯ ಮೈಯೊಳಗೆ ಆಳಕ್ಕೆ ಜಿಗುಟು ಮಣ್ಣಿನ ಗೋಡೆ ಇಳಿಸಿ ಬಹಳಷ್ಟು ಭದ್ರ ಮಾಡಿದ್ದಾರೆ, ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡ. ಆದರೆ ಮನೆಯ ಸಾಮಾನ್ಯ ವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ. ಬೇರೆ ತಗೋ, ಈ ವಾರವೇ, ಯಾಕೆಂದರೆ ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ ಜಾರಿಗೆ ಬರುವುದು 30 ದಿನದ ನಂತರ. ಚಳಿಗಾಲದಲ್ಲಿ ನದಿ ತುಂಬಿದಾಗ ಏರಿಯ ನಿಮ್ಮ ಕಡೆಯ ಬುಡ ನೋಡುತ್ತಿರು. ತಿಳಿನೀರು ಜಿನುಗಿದರೆ ಅಷ್ಟು ಆತಂಕ ಇಲ್ಲ. ನೆಲದಿಂದ ಮರಳು, ಮಣ್ಣು ಹೊತ್ತ ನೀರು ಗುಳುಗುಳು ಎದ್ದರೆ ತಕ್ಷಣ ತಿಳಿಸಬೇಕು, ಏರಿಯ ಅಡಿ ಕೊರೆಯುತ್ತಿದೆ ಅಂತ ಅರ್ಥ. ಅದನ್ನು ಮುಚ್ಚಿದರೆ ಇನ್ನೊಂದು ಕಡೆ ಏಳುತ್ತದೆ. ಬಲ್ಲವರು ಸುತ್ತ ಮರಳಿನ ಮೂಟೆ ಬಳೆಯಂತೆ ಜೋಡಿಸಿ, ಒಳಗೆ ನೀರು ನಿಲ್ಲಿಸಿ, ಅದರ ಭಾರದಿಂದಲೇ ಸೆಳವು ಕಡಿಮೆ ಮಾಡುತ್ತಾರೆ. ನೆಲದ ಅಳಿಲು ತೋಡಿದ ಬಿಲ ಕಂಡರೂ ಹೇಳು.

ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಆ ಕೋಡಿಗೆ ಹೋಗಿ ಬಾ. ಒಂದು ಗೇಟಿನ ಹಲಗೆ ಎಣಿಸಿ 38 ಇವೆಯೋ ಇಲ್ಲವೋ ನನಗೆ ಬರೆ. ಅತ್ತಿಗೆಗೆ ನಮಸ್ಕಾರ ಹೇಳು. ನಾನು ಬರುವಾಗ ಬೂದುಗುಂಬಳ ನಾನೇ ತರುತ್ತೇನೆ, ಈ ಸಲ ಒಂದೇ.

ನಿನ್ನವನೇ